ಒಬ್ಬನೇ ಆಟಗಾರ, ಒಂದೇ ಕಪಾಟು: ವೇಯ್ನ್ ಗ್ರೆಟ್ಸ್ಕಿ ಆಕ್ಷನ್ ಫಿಗರ್ ಸಂಗ್ರಹಿಸಲು ಸಮಗ್ರ ಮಾರ್ಗದರ್ಶಿ

ನನ್ನ ಮೇಜಿನ ಮೇಲೆ ಆರು ಇಂಚಿನ ಒಂದು ಗೊಂಬೆ ನಿಂತಿದೆ. ನೀಲಿ ಜರ್ಸಿ, ಕಿತ್ತಳೆ ಪಟ್ಟಿ, ಬೆನ್ನ ಮೇಲೆ 99. ಮನೆಗೆ ಬಂದವರೆಲ್ಲ ಅದರ ಮುಖ ನೋಡುತ್ತಾರೆ. ನಾನು ಮೊದಲು ಸೊಂಟ ತೋರಿಸುತ್ತೇನೆ. ಜರ್ಸಿಯ ಬಲಗಡೆ ಅಂಚು ಪ್ಯಾಂಟಿನೊಳಗೆ ಸೇರಿಕೊಂಡಿದೆ, ಎಡಗಡೆ ಹೊರಗೆ ಇಳಿಬಿದ್ದಿದೆ. ಇದು ತಯಾರಿಕೆಯ ತಪ್ಪಲ್ಲ. ಕೆನಡಾದ ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿ ಆಡುತ್ತಿದ್ದದ್ದೇ ಹಾಗೆ. ಚಿಕ್ಕವನಿದ್ದಾಗ ತನಗಿಂತ ದೊಡ್ಡ ಹುಡುಗರ ತಂಡದಲ್ಲಿ ಆಡುತ್ತಿದ್ದ. ಜರ್ಸಿ ದೊಗಳೆಯಾಗಿ ಸ್ಟಿಕ್ಕಿನ ತುದಿಗೆ ಸಿಕ್ಕಿಕೊಳ್ಳುತ್ತಿತ್ತು. ಅಪ್ಪ ವಾಲ್ಟರ್ ಒಂದು ಕಡೆ ಒಳಗೆ ಸಿಕ್ಕಿಸಿಬಿಟ್ಟರು. 1999ರಲ್ಲಿ ನಿವೃತ್ತನಾಗುವ ತನಕ ಆ ಅಭ್ಯಾಸ ಹೋಗಲಿಲ್ಲ.

ಇಷ್ಟು ಗೊತ್ತಿದ್ದರೆ ಗೊಂಬೆಯನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ. ಈ ಮಾರ್ಗದರ್ಶಿ ಬರೆಯಲು ಕಾರಣ ಕೂಡ ಅದೇ. ಗೊಂಬೆಯ ಬಗ್ಗೆ ತಿಳಿಯುವ ಮೊದಲು ಆಟಗಾರನ ಬಗ್ಗೆ ತಿಳಿದುಕೊಳ್ಳಿ. ಬೆಲೆ, ಅಸಲಿ ನಕಲಿ, ಯಾವುದು ಬೇಕು ಯಾವುದು ಬೇಡ, ಎಲ್ಲದಕ್ಕೂ ಅದು ದಾರಿ ತೋರಿಸುತ್ತದೆ.

ನಾನು ಕೊಡಗಿನವನು. ನಮ್ಮಲ್ಲಿ ಹಾಕಿ ಅಂದರೆ ನೆಲದ ಮೇಲಿನ ಹಾಕಿ. 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡಿದವರಿಗೆ ಆ ಹುಚ್ಚು ಎಂಥದ್ದು ಅಂತ ಗೊತ್ತು. ಕೆನಡಾದ ಮಿಸಿಸಾಗಾಕ್ಕೆ ಬಂದ ಮೇಲೆ ಐಸ್ ಹಾಕಿಯ ಹುಚ್ಚು ಹಿಡಿಯಿತು. ಇಲ್ಲಿ ಬರೆದಿರುವುದೆಲ್ಲ ಗ್ರೆಟ್ಸ್ಕಿ ಸುತ್ತಲೇ ಇದೆ. ನಿಮ್ಮ ನೆಚ್ಚಿನ ಆಟಗಾರ ಮಾರಿಯೋ ಲೆಮ್ಯೂ ಆಗಿರಲಿ, ಸಿಡ್ನಿ ಕ್ರಾಸ್ಬಿ ಆಗಿರಲಿ, ಕ್ರಮ ಇದೇ.

ಹೆಜ್ಜೆ 1: ಒಂದು ಪುಟದ ಜಾತಕ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಆಟಗಾರ ಯಾವ ವರ್ಷ ಯಾವ ತಂಡದಲ್ಲಿದ್ದ, ಜರ್ಸಿಯ ಬಣ್ಣ ಏನು, ಎದೆಯ ಮೇಲೆ ನಾಯಕನ ಅಕ್ಷರ ಇತ್ತಾ, ಹೆಲ್ಮೆಟ್ ಯಾವುದು, ಸ್ಟಿಕ್ ಯಾವುದು, ಯಾವ ಕೈ ಆಟಗಾರ. ಇಷ್ಟು ಬರೆದುಕೊಳ್ಳಿ. ಇದಕ್ಕೆ ಒಂದು ಸಂಜೆ ಸಾಕು. ಈ ಹಾಳೆ ಇಲ್ಲದೆ ಒಂದು ಡಾಲರ್ ಕೂಡ ಖರ್ಚು ಮಾಡಬೇಡಿ ಅನ್ನುತ್ತೇನೆ.

ಗ್ರೆಟ್ಸ್ಕಿಯ ಹಾಳೆ ಹೀಗಿದೆ. ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ 1979ರಿಂದ 1988ರ ತನಕ ಎಡ್ಮಂಟನ್ ಆಯಿಲರ್ಸ್. ಕಡು ನೀಲಿಯಲ್ಲ, ತಿಳಿಯಾದ ರಾಜನೀಲಿ ಮತ್ತು ಕಿತ್ತಳೆ. 1983ರಿಂದ ನಾಯಕ, ಹಾಗಾಗಿ ಎದೆಯ ಮೇಲೆ 'ಸಿ' ಅಕ್ಷರ. ಲೀಗಿನ ಚಾಂಪಿಯನ್ ತಂಡಕ್ಕೆ ಸಿಗುವ ಸ್ಟಾನ್ಲಿ ಕಪ್ ಗೆದ್ದದ್ದು 1984, 1985, 1987 ಮತ್ತು 1988ರಲ್ಲಿ. ಕೈಯಲ್ಲಿ ಟೈಟನ್ ಕಂಪನಿಯ ಮರದ ಸ್ಟಿಕ್.

1988ರ ಆಗಸ್ಟ್ 9ರಂದು ಲಾಸ್ ಏಂಜಲೀಸ್ ಕಿಂಗ್ಸ್ ಪಾಲಾದ. ಕೆನಡಾದವರು ಆ ದಿನದ ಬಗ್ಗೆ ಇವತ್ತಿಗೂ ಮಾತಾಡುತ್ತಾರೆ. ಕಿಂಗ್ಸ್ ಅದುವರೆಗೆ ನೇರಳೆ ಮತ್ತು ಹಳದಿ ಬಣ್ಣದಲ್ಲಿ ಆಡುತ್ತಿತ್ತು. ಅವನು ಬಂದ ಸೀಸನ್‌ನಿಂದಲೇ ಕಪ್ಪು ಮತ್ತು ಬೆಳ್ಳಿ ಬಣ್ಣಕ್ಕೆ ಬದಲಾಯಿತು. ಆಮೇಲೆ ಕೈಗೆ ಬಂದದ್ದು ಈಸ್ಟನ್‌ನ ಹೊಳೆಯುವ ಅಲ್ಯೂಮಿನಿಯಂ ಸ್ಟಿಕ್.

1996ರಲ್ಲಿ ಕೆಲವೇ ವಾರ ಸೇಂಟ್ ಲೂಯಿಸ್ ಬ್ಲೂಸ್. ಲೀಗ್ ಹಂತದಲ್ಲಿ ಅಲ್ಲಿ ಆಡಿದ್ದು ಬರೀ 18 ಪಂದ್ಯ. ಅದೇ ವರ್ಷದಿಂದ 1999ರ ತನಕ ನ್ಯೂಯಾರ್ಕ್ ರೇಂಜರ್ಸ್. ಇಲ್ಲಿ ಒಂದು ವಿಷಯ ಗಮನಿಸಿ. ರೇಂಜರ್ಸ್‌ನಲ್ಲಿ ಅವನು ನಾಯಕನಲ್ಲ, ಎದೆಯ ಮೇಲೆ ಇದ್ದದ್ದು ಉಪನಾಯಕನ 'ಎ' ಅಕ್ಷರ. ಯಾರಾದರೂ 'ಸಿ' ಇರುವ ರೇಂಜರ್ಸ್ ಗ್ರೆಟ್ಸ್ಕಿ ತೋರಿಸಿದರೆ ಪ್ರಶ್ನೆ ಕೇಳಬೇಕು.

ಇಡೀ ವೃತ್ತಿಜೀವನದಲ್ಲಿ ಬದಲಾಗದ್ದು ಮೂರು: ಬಲಗಡೆ ಒಳಗೆ ಸೇರಿಸಿದ ಜರ್ಸಿ, ಸ್ವೀಡನ್ನಿನ ಜೋಫಾ ಹೆಲ್ಮೆಟ್, ಎಡಗೈ ಆಟ. ಎಡಗೈ ಆಟ ಅಂದರೆ ಸ್ಟಿಕ್ಕಿನ ಮೇಲ್ತುದಿಯಲ್ಲಿ ಬಲಗೈ, ಕೆಳಗೆ ಎಡಗೈ. ಸ್ಟಿಕ್ಕಿನ ಮೇಲ್ತುದಿ ಬಲ ಸೊಂಟದ ಹತ್ತಿರ ಬರುತ್ತದೆ. ಜರ್ಸಿ ಬಲಗಡೆಯೇ ಯಾಕೆ ಒಳಗೆ ಹೋಯಿತು ಅಂತ ಈಗ ಗೊತ್ತಾಯಿತು ಅಲ್ವಾ?

ಟೊರೊಂಟೊ ಕಡೆ ಇರುವವರು ಯಂಗ್ ಮತ್ತು ಫ್ರಂಟ್ ರಸ್ತೆಗಳ ಮೂಲೆಯ ಹಾಕಿ ಹಾಲ್ ಆಫ್ ಫೇಮ್‌ಗೆ ಒಮ್ಮೆ ಹೋಗಿ ಬನ್ನಿ. ಫೋಟೊದಲ್ಲಿ ತಿಳಿಯದ ಬಣ್ಣ ನಿಜವಾದ ಜರ್ಸಿ ಮುಂದೆ ನಿಂತಾಗ ತಿಳಿಯುತ್ತದೆ.

ಹೆಜ್ಜೆ 2: ಯಾವ ಕಾಲದ ಗೊಂಬೆ ಅಂತ ಗುರುತಿಸಿ

ಗ್ರೆಟ್ಸ್ಕಿ ಗೊಂಬೆಗಳಲ್ಲಿ ಮುಖ್ಯವಾಗಿ ಮೂರು ಕಾಲ ಇದೆ. ಮೊದಲನೆಯದು 1980ರ ದಶಕದ ಆರಂಭದಲ್ಲಿ ಮಾಟೆಲ್ ತಂದ ಬಟ್ಟೆ ತೊಟ್ಟ ದೊಡ್ಡ ಗೊಂಬೆ. ಬಾರ್ಬಿ ಮಾಡುವ ಅದೇ ಕಂಪನಿ. ಇದರಲ್ಲಿ ಬಟ್ಟೆ, ಸ್ಕೇಟ್, ಹೆಲ್ಮೆಟ್ ಎಲ್ಲ ಬಿಡಿ ಬಿಡಿ, ಹಾಗಾಗಿ ಹಳೆಯದು ಕೊಳ್ಳುವಾಗ ಏನಾದರೊಂದು ಕಳೆದಿರುತ್ತದೆ. ಹೊಸಬರು ಇದರಿಂದ ಶುರು ಮಾಡಬೇಡಿ.

ಎರಡನೆಯದು ಸ್ಟಾರ್ಟಿಂಗ್ ಲೈನ್‌ಅಪ್. ಸಿನ್ಸಿನಾಟಿಯ ಕೆನ್ನರ್ ಕಂಪನಿ 1988ರಲ್ಲಿ ಶುರು ಮಾಡಿದ ಸರಣಿ. ಪ್ಯಾಟ್ ಮೆಕಿನಾಲಿ ಅನ್ನುವ ಮಾಜಿ ಅಮೆರಿಕನ್ ಫುಟ್ಬಾಲ್ ಆಟಗಾರನ ಯೋಚನೆ ಅದು. ಹಾಕಿ ಆಟಗಾರರು ಅದಕ್ಕೆ ಸೇರಿದ್ದು 1993ರಲ್ಲಿ. ಹೆಚ್ಚುಕಡಿಮೆ ನಾಲ್ಕು ಇಂಚಿನ ಗೊಂಬೆ, ಜೊತೆಗೊಂದು ಆಟಗಾರನ ಚಿತ್ರದ ಕಾರ್ಡ್. ಮುಖದ ಹೋಲಿಕೆ ಅಷ್ಟಕ್ಕಷ್ಟೇ, ಹೆಸರು ಓದದಿದ್ದರೆ ಯಾರು ಅಂತ ಗೊತ್ತಾಗುವುದು ಕಷ್ಟ. ಆದರೂ ನನಗೆ ಇವುಗಳ ಮೇಲೆ ಪ್ರೀತಿ ಜಾಸ್ತಿ. ಮಕ್ಕಳು ಜೇಬಿನಲ್ಲಿ ಹಾಕಿಕೊಂಡು ಓಡಾಡಿದ ಗೊಂಬೆಗಳಿವು. ಗ್ರೆಟ್ಸ್ಕಿ ಇದರಲ್ಲಿ ರೇಂಜರ್ಸ್ ಉಡುಪಿನಲ್ಲಿ ಸಿಗುತ್ತಾನೆ. ಬೆಲೆಯೂ ಕೈಗೆ ಎಟುಕುವಂತಿದೆ, ಯಾಕಂದರೆ ಆಗಲೇ ತುಂಬಾ ಜನ ಮುಂದೆ ಬೆಲೆ ಬರುತ್ತದೆ ಅಂತ ಒಡೆಯದೆ ಇಟ್ಟುಬಿಟ್ಟರು. ಎಲ್ಲರ ಹತ್ತಿರ ಹೊಸದೇ ಇದ್ದರೆ ಬೆಲೆ ಎಲ್ಲಿಂದ ಏರಬೇಕು?

ಮೂರನೆಯದು ಮೆಕ್‌ಫಾರ್ಲೇನ್. ಟಾಡ್ ಮೆಕ್‌ಫಾರ್ಲೇನ್ ಹುಟ್ಟಿದ್ದು ಕೆನಡಾದ ಕ್ಯಾಲ್ಗರಿಯಲ್ಲಿ, ಗ್ರೆಟ್ಸ್ಕಿ ಹುಟ್ಟಿದ 1961ರಲ್ಲೇ. ಕಾಮಿಕ್ಸ್ ಕಲಾವಿದ. ಆಯಿಲರ್ಸ್ ತಂಡದ ಮಾಲೀಕತ್ವದಲ್ಲಿ ಪಾಲು ಹೊಂದಿದ್ದ, 2001ರಲ್ಲಿ ಅವರು ಪರ್ಯಾಯವಾಗಿ ತೊಡುವ ಮೂರನೇ ಜರ್ಸಿಯನ್ನು ವಿನ್ಯಾಸ ಮಾಡಿದವನೂ ಅವನೇ. ಅವನ ಸ್ಪೋರ್ಟ್ಸ್‌ಪಿಕ್ಸ್ ಸರಣಿ ಬಂದ ಮೇಲೆ ಕ್ರೀಡಾ ಗೊಂಬೆ ಆಟಿಕೆಯಿಂದ ಶಿಲ್ಪದ ಕಡೆ ಹೊರಳಿತು. ಕೈಕಾಲು ಆಡಿಸುವುದಕ್ಕಿಂತ ಒಂದು ಭಂಗಿಯನ್ನು ಹಿಡಿದಿಡುವುದೇ ಅದರ ಗುರಿ. ಜರ್ಸಿಯ ಮಡಿಕೆ, ಕೈಗವಸಿನ ಹೊಲಿಗೆ, ಸ್ಕೇಟಿನ ದಾರ, ಎಲ್ಲ ಕೆತ್ತಿರುತ್ತಾರೆ. ಕೆಳಗೆ ಹಿಮದ ಹಾಗೆ ಕಾಣುವ ತಟ್ಟೆ. ಗ್ರೆಟ್ಸ್ಕಿ ಇಲ್ಲಿ ದಿಗ್ಗಜರ ಸಾಲಿನಲ್ಲಿ ಆಯಿಲರ್ಸ್, ಕಿಂಗ್ಸ್, ರೇಂಜರ್ಸ್ ಉಡುಪುಗಳಲ್ಲಿ ಬಂದಿದ್ದಾನೆ. ಶುರು ಮಾಡುವವರಿಗೆ ನನ್ನ ಸಲಹೆ ಇದೇ: ಆರು ಇಂಚಿನ ಮೆಕ್‌ಫಾರ್ಲೇನ್.

ಇವಲ್ಲದೆ ಕೆನಡಾದ ಇಂಪೋರ್ಟ್ಸ್ ಡ್ರ್ಯಾಗನ್‌ನ ಗೊಂಬೆಗಳಿವೆ, ದೊಡ್ಡ ತಲೆಯ ಫಂಕೋ ಪಾಪ್ ಇದೆ. ಅವು ಬೇಕಾ ಬೇಡವಾ ಅನ್ನುವುದು ನಿಮಗೆ ಬಿಟ್ಟದ್ದು.

ಹೆಜ್ಜೆ 3: ಬೇಲಿ ಹಾಕಿಕೊಳ್ಳಿ

ಸಂಗ್ರಹ ಕೈಮೀರುವುದು ಇಲ್ಲೇ. ಒಂದೇ ಗೊಂಬೆ ಬಿಳಿ ಜರ್ಸಿಯಲ್ಲಿ ಒಂದು, ಬಣ್ಣದ ಜರ್ಸಿಯಲ್ಲಿ ಒಂದು ಬರುತ್ತದೆ. ಇದನ್ನು ವೇರಿಯಂಟ್ ಅನ್ನುತ್ತಾರೆ. ಕಡಿಮೆ ಸಂಖ್ಯೆಯಲ್ಲಿ ಬಿಟ್ಟದ್ದು ಚೇಸ್. ಮೂರು ಇಂಚು, ಆರು ಇಂಚು, ಹನ್ನೆರಡು ಇಂಚು ಅಂತ ಅಳತೆ ಬೇರೆ. ಎಲ್ಲ ಬೇಕು ಅಂದರೆ ಮನೆಯಲ್ಲಿ ಮನುಷ್ಯರಿಗೆ ಜಾಗ ಇರುವುದಿಲ್ಲ.

ನನ್ನ ಬೇಲಿ ಸರಳ. ತಂಡಕ್ಕೆ ಒಂದು ಗೊಂಬೆ. ಅಳತೆ ಆರು ಇಂಚು. ಸ್ಟಾರ್ಟಿಂಗ್ ಲೈನ್‌ಅಪ್‌ಗೆ ಮಾತ್ರ ಒಂದು ವಿನಾಯಿತಿ. ಕಪಾಟಿನಲ್ಲಿ ಎಡದಿಂದ ಬಲಕ್ಕೆ ನೋಡಿದರೆ ಒಬ್ಬ ಮನುಷ್ಯನ ಇಪ್ಪತ್ತು ವರ್ಷದ ಆಟ ಕಾಣಬೇಕು, ಅಷ್ಟೇ.

ಇನ್ನೊಂದು ತೀರ್ಮಾನ: ಪ್ಯಾಕ್ ಒಡೆಯಬೇಕಾ ಬೇಡವಾ. ಒಡೆಯದ್ದಕ್ಕೆ ಮಿಂಟ್ ಆನ್ ಕಾರ್ಡ್ ಅನ್ನುತ್ತಾರೆ (ಇಲ್ಲಿ ಕಾರ್ಡ್ ಅಂದರೆ ಪ್ಯಾಕಿನ ಹಿಂದಿನ ರಟ್ಟು), ಒಡೆದದ್ದು ಲೂಸ್. ಒಡೆಯದ್ದಕ್ಕೆ ಬೆಲೆ ಹೆಚ್ಚು. ನಾನು ಒಡೆಯುತ್ತೇನೆ. ಪ್ಲಾಸ್ಟಿಕ್ಕಿನ ಹಿಂದೆ ಕೂತ ಗೊಂಬೆಯ ಬೆನ್ನ ಮೇಲಿನ 99 ನೋಡಲು ಆಗುವುದಿಲ್ಲ. ಸಂಖ್ಯೆ ಕಾಣದ ಗ್ರೆಟ್ಸ್ಕಿ ನನಗೆ ಯಾಕೆ? ಆದರೆ ಮುಂದೆ ಮಾರುವ ಆಲೋಚನೆ ಇದ್ದರೆ ಒಡೆಯಬೇಡಿ. ಆ ಹಾದಿಯಲ್ಲಿ ಹೋಗುವವರು ಆಕ್ಷನ್ ಫಿಗರ್ ಅಥಾರಿಟಿ ಎಂಬ ಸಂಸ್ಥೆಗೆ ಕಳಿಸಿ ದರ್ಜೆ ಹಾಕಿಸುತ್ತಾರೆ. ಗಟ್ಟಿ ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಅಂಕ ಕೊಟ್ಟು ಕಳಿಸುತ್ತಾರೆ. ಅದಕ್ಕೆ ತಗಲುವ ಖರ್ಚು ಎಷ್ಟೋ ಸಲ ಗೊಂಬೆಯ ಬೆಲೆಗಿಂತ ಹೆಚ್ಚು. ಸಾಮಾನ್ಯ ಗೊಂಬೆಗೆ ಸುಮ್ನೆ ದಂಡ.

ಹೆಜ್ಜೆ 4: ಹುಡುಕಿ, ಕೇಳಿ, ಆಮೇಲೆ ಕೊಳ್ಳಿ

ಈಬೇಯಲ್ಲಿ ಮಾರಾಟಗಾರ ಕೇಳುವ ಬೆಲೆ ನೋಡಬೇಡಿ. ಈಗಾಗಲೇ ಮಾರಾಟವಾದ ವಸ್ತುಗಳ ಪಟ್ಟಿ ತೆರೆಯುವ ಫಿಲ್ಟರ್ ಇದೆ, ಅದನ್ನು ಒತ್ತಿ. ಕೇಳುವುದು ಯಾರು ಎಷ್ಟು ಬೇಕಾದರೂ ಕೇಳಬಹುದು. ಕೊಟ್ಟವರು ಎಷ್ಟು ಕೊಟ್ಟರು ಅನ್ನುವುದೇ ಬೆಲೆ. ಐದಾರು ಮಾರಾಟ ನೋಡಿ, ನಡುವಿನ ಮೊತ್ತ ಬರೆದಿಟ್ಟುಕೊಳ್ಳಿ. ಕೆನಡಾದಲ್ಲಿ ಇರುವವರಿಗೆ ಕಿಜೀಜಿ ಮತ್ತು ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಇನ್ನೂ ಒಳ್ಳೆಯದು. ಮಕ್ಕಳು ಬೆಳೆದು ಮನೆ ಬಿಟ್ಟ ಮೇಲೆ ಅಪ್ಪ ಅಮ್ಮ ಬೇಸ್‌ಮೆಂಟ್ ಖಾಲಿ ಮಾಡುತ್ತಾರೆ. ಆಗ ಡಬ್ಬಗಟ್ಟಲೆ ಗೊಂಬೆಗಳು ಹೊರಬರುತ್ತವೆ.

ಮಿಸಿಸಾಗಾದ ಇಂಟರ್‌ನ್ಯಾಷನಲ್ ಸೆಂಟರ್‌ನಲ್ಲಿ ನಡೆಯುವ ಸ್ಪೋರ್ಟ್ ಕಾರ್ಡ್ ಎಕ್ಸ್‌ಪೋಗೆ ಒಮ್ಮೆಯಾದರೂ ಹೋಗಿ. ಹೆಸರು ಕಾರ್ಡಿನದಾದರೂ ಮೂಲೆಯ ಮೇಜುಗಳಲ್ಲಿ ಗೊಂಬೆಗಳು ಇರುತ್ತವೆ. ಕೊನೆಯ ದಿನ ಮಧ್ಯಾಹ್ನದ ಮೇಲೆ ಹೋದರೆ ಚೌಕಾಸಿ ಸುಲಭ. ಉಳಿದದ್ದನ್ನು ಮತ್ತೆ ವ್ಯಾನಿಗೆ ತುಂಬಲು ಯಾರಿಗೂ ಮನಸ್ಸಿರುವುದಿಲ್ಲ.

ಆನ್‌ಲೈನ್‌ನಲ್ಲಿ ಕೊಳ್ಳುವಾಗ ಈ ಫೋಟೊಗಳನ್ನು ಕೇಳಿ ಪಡೆಯಿರಿ: ಬೆನ್ನು, ಎದೆಯ ಅಕ್ಷರ, ಬಲ ಸೊಂಟ, ಪಾದ ತಟ್ಟೆಗೆ ಸೇರುವ ಜಾಗ, ಸ್ಟಿಕ್ಕಿನ ಕೆಳತುದಿಯ ಚಪ್ಪಟೆ ಬ್ಲೇಡ್. ಲೂಸ್ ಗೊಂಬೆಗಳಲ್ಲಿ ಮೊದಲು ಕಳೆಯುವುದು ಸ್ಟಿಕ್ಕೇ. ಮಾರುವವರು ಬೇರೆ ಆಟಗಾರನ ಸ್ಟಿಕ್ ಸಿಕ್ಕಿಸಿಬಿಡುತ್ತಾರೆ. ಬೇಕಂತಲೇ ಅಂತ ಹೇಳಲಾರೆ, ಅವರಿಗೂ ಗೊತ್ತಿರುವುದಿಲ್ಲ. ಆದರೆ ಬ್ಲೇಡು ಯಾವ ಕಡೆ ಬಾಗಿದೆ ನೋಡಿದರೆ ಬಲಗೈ ಸ್ಟಿಕ್ ಎಡಗೈ ಆಟಗಾರನಿಗೆ ಬಂದಿದೆಯಾ ಅಂತ ಹೇಳಬಹುದು. ಕಿಂಗ್ಸ್ ಗೊಂಬೆಗೆ ಬೆಳ್ಳಿ ಬಣ್ಣದ ಸ್ಟಿಕ್ ಇದೆಯಾ ನೋಡಿ. ಮೊದಲ ಹೆಜ್ಜೆಯ ಹಾಳೆ ಕೈಯಲ್ಲಿ ಇರಬೇಕು ಅಂದದ್ದು ಇದಕ್ಕೇ.

ಬಣ್ಣದಲ್ಲಿಯೂ ಹೀಗೆ. ಆಯಿಲರ್ಸ್ 1996ರಲ್ಲಿ ಕಡು ನೀಲಿ ಮತ್ತು ತಾಮ್ರದ ಬಣ್ಣಕ್ಕೆ ಹೋಯಿತು. ಗ್ರೆಟ್ಸ್ಕಿ ಆಗ ಎಡ್ಮಂಟನ್ ಬಿಟ್ಟು ಎಂಟು ವರ್ಷವಾಗಿತ್ತು. ಆ ಬಣ್ಣದಲ್ಲಿ 99 ಕಂಡರೆ ಯಾರೋ ಮನೆಯಲ್ಲಿ ಬಣ್ಣ ಬಳಿದ ಕಸ್ಟಮ್ ಗೊಂಬೆ ಇರಬಹುದು. ಕಸ್ಟಮ್ ಮಾಡುವುದು ಒಳ್ಳೆಯ ಕಲೆ, ನಾನು ಮೆಚ್ಚುತ್ತೇನೆ. ಆದರೆ ಕಸ್ಟಮ್ ಅಂತ ಹೇಳಿ ಮಾರಬೇಕು.

ಪ್ಯಾಕ್ ಒಡೆಯದ್ದು ಅಂತ ನಂಬಿ ನಾನೊಮ್ಮೆ ಮೋಸ ಹೋದೆ. ಫೋಟೊದಲ್ಲಿ ಎಲ್ಲ ಸರಿ ಇತ್ತು. ಮನೆಗೆ ಬಂದ ಮೇಲೆ ಕಿಟಕಿ ಹತ್ತಿರ ಓರೆಯಾಗಿ ಹಿಡಿದು ನೋಡಿದೆ. ಗೊಂಬೆಯನ್ನು ಮುಚ್ಚುವ ಬಬಲ್ ಪ್ಲಾಸ್ಟಿಕ್ಕಿನ ಅಂಚಿನ ಸುತ್ತ ಕೂದಲೆಳೆಯಷ್ಟು ಅಂಟಿನ ಹೊಳಪು, ಒಂದು ಮೂಲೆಯಲ್ಲಿ ರಟ್ಟಿನ ನಾರು ಎದ್ದು ಮತ್ತೆ ಒತ್ತಿದ ಗುರುತು. ತೆಗೆದು, ಗೊಂಬೆ ಬದಲಿಸಿ, ಮತ್ತೆ ಅಂಟಿಸಿದ್ದರು. ಒಳಗಿದ್ದ ಗೊಂಬೆಯ ಮೂಗಿನ ಮೇಲಿನ ಬಣ್ಣ ಸವೆದಿತ್ತು. ಹಣ ವಾಪಸ್ ಬರಲಿಲ್ಲ. ಅಂದಿನಿಂದ ಅಂಚುಗಳನ್ನು ಓರೆ ಬೆಳಕಿನಲ್ಲಿ ತೆಗೆದ ಫೋಟೊ ಕೇಳದೆ ಕೊಳ್ಳುವುದಿಲ್ಲ. ಕೊಡಲು ಒಪ್ಪದವರಿಂದ ದೂರ ಇರುತ್ತೇನೆ.

ಸಹಿ ಹಾಕಿದ ಗೊಂಬೆ ಬೇಕು ಅನ್ನುವವರಿಗೆ ಒಂದು ಮಾತು. ಗ್ರೆಟ್ಸ್ಕಿ ಸಹಿಗೆ ಅಪ್ಪರ್ ಡೆಕ್ ಕಂಪನಿಯ ಜೊತೆ ಬಹಳ ವರ್ಷದ ಒಪ್ಪಂದ ಇದೆ. ಅವರ ಹೊಲೊಗ್ರಾಮ್ ಇರುವುದನ್ನೇ ನೋಡಿ, ಅದರ ಸಂಖ್ಯೆಯನ್ನು ತಾಳೆ ಮಾಡಿ. ಬರೀ ಒಂದು ಪ್ರಮಾಣಪತ್ರದ ಹಾಳೆ ನಂಬಿ ಹಣ ಕೊಡಬೇಡಿ.

ಹೆಜ್ಜೆ 5: ಗೊಂಬೆ ಬಂದ ದಿನ

ಪಾರ್ಸೆಲ್ ಒಡೆಯುವಾಗ ವೀಡಿಯೊ ಮಾಡಿ. ಮುರಿದು ಬಂದರೆ ಸಾಕ್ಷಿ ಬೇಕು. ಗೊಂಬೆ ಚಳಿಗಾಲದಲ್ಲಿ ಬಂದರೆ ತಕ್ಷಣ ಕೈ ಹಾಕಬೇಡಿ. ಮೈನಸ್ ಹದಿನೈದರಲ್ಲಿ ಬಾಗಿಲಲ್ಲಿ ಕೂತಿದ್ದ ಪ್ಲಾಸ್ಟಿಕ್ ಗಾಜಿನ ಹಾಗೆ ಪೆಡಸಾಗಿರುತ್ತದೆ. ಎರಡು ಮೂರು ಗಂಟೆ ಮನೆಯ ಬಿಸಿಗೆ ಹೊಂದಿಕೊಳ್ಳಲಿ. ತಟ್ಟೆಗೆ ಸ್ಕೇಟ್ ಸಿಕ್ಕಿಸುವಾಗ ಗೊಂಬೆಯ ಕಣಕಾಲು ಹಿಡಿದು ಒತ್ತಬೇಡಿ, ಸ್ಕೇಟನ್ನೇ ಹಿಡಿದು ನೇರವಾಗಿ ಒತ್ತಿ.

ಬಾಗಿದ ಸ್ಟಿಕ್ ನೆಟ್ಟಗೆ ಮಾಡುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಎಲ್ಲರೂ ಕೇಳುವುದು ಇದನ್ನೇ. ಎರಡು ಅಗಲವಾದ ಲೋಟ ತೆಗೆದುಕೊಳ್ಳಿ. ಒಂದರಲ್ಲಿ ಬಿಸಿನೀರು. ಕುದಿಯುವುದು ಬೇಡ, ಕುದಿದ ನೀರನ್ನು ಕೆಲವು ನಿಮಿಷ ಆರಲು ಬಿಟ್ಟರೆ ಸರಿ. ಇನ್ನೊಂದರಲ್ಲಿ ಐಸ್ ಹಾಕಿದ ತಣ್ಣೀರು. ಸ್ಟಿಕ್ಕನ್ನು ಗೊಂಬೆಯ ಕೈಯಿಂದ ಮೆಲ್ಲಗೆ ಬಿಡಿಸಿ. ಬಾಗಿದ ಭಾಗ ಮಾತ್ರ ಮುಳುಗುವ ಹಾಗೆ ಬಿಸಿನೀರಿನಲ್ಲಿ ಇಪ್ಪತ್ತು ಸೆಕೆಂಡು ಹಿಡಿಯಿರಿ. ಹೊರತೆಗೆದಾಗ ಬೆಂದ ಶಾವಿಗೆಯ ಹಾಗೆ ಸ್ವಲ್ಪ ಬಳುಕುತ್ತದೆ. ಸ್ಟೀಲ್ ಸ್ಕೇಲಿನ ಮೇಲೆ ಇಟ್ಟು ಹೆಬ್ಬೆರಳಿನಿಂದ ಒತ್ತಿ. ನೆಟ್ಟಗಾದ ಕೂಡಲೇ ಸ್ಕೇಲಿನ ಜೊತೆಯೇ ತಣ್ಣೀರಿಗೆ ಅದ್ದಿ ಒಂದು ನಿಮಿಷ ಬಿಡಿ. ಒಂದೇ ಸಲಕ್ಕೆ ಆಗದಿದ್ದರೆ ಮತ್ತೆ ಮಾಡಿ, ಬಲ ಹಾಕಬೇಡಿ. ಬ್ಲೇಡಿನ ಸಹಜ ಬಾಗನ್ನು ಮಾತ್ರ ಮುಟ್ಟಬೇಡಿ. ಅದು ಇರಲೇಬೇಕು.

ಹೆಜ್ಜೆ 6: ಕಪಾಟು

ಬಿಸಿಲೇ ಮೊದಲ ಶತ್ರು. ನನ್ನ ಮೊದಲ ರೇಂಜರ್ಸ್ ಗೊಂಬೆಯನ್ನು ದಕ್ಷಿಣದ ಕಿಟಕಿ ಪಕ್ಕ ಇಟ್ಟಿದ್ದೆ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಕೆಂಪು ಪಟ್ಟಿ ಮಾಸಿ ಇಟ್ಟಿಗೆ ಬಣ್ಣಕ್ಕೆ ತಿರುಗಿತು, ಬಿಳಿ ಹಳದಿಯಾಯಿತು. ಅದನ್ನು ಸರಿ ಮಾಡಲು ಆಗುವುದಿಲ್ಲ. ಗಾಜಿನ ಬಾಗಿಲಿನ ಕಪಾಟು, ನೇರ ಬಿಸಿಲು ಬೀಳದ ಗೋಡೆ, ಎಲ್‌ಇಡಿ ದೀಪ. ಇಷ್ಟು ಸಾಕು.

ಎರಡನೇ ತೊಂದರೆ ಜಿಡ್ಡು. ಈ ಗೊಂಬೆಗಳಲ್ಲಿ ಹೆಚ್ಚಿನವು ಪಿವಿಸಿ. ಮೆದುವಾಗಲಿ ಅಂತ ಅದಕ್ಕೆ ಎಣ್ಣೆಯಂಥ ವಸ್ತು ಸೇರಿಸಿರುತ್ತಾರೆ. ಗಾಳಿಯಾಡದ ಜಾಗದಲ್ಲಿ ವರ್ಷಗಟ್ಟಲೆ ಇಟ್ಟರೆ ಅದು ಮೇಲಕ್ಕೆ ಬಂದು ಮುಟ್ಟಿದರೆ ಅಂಟಂಟಾಗುತ್ತದೆ. ಉಗುರುಬೆಚ್ಚನೆಯ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಮೆದು ಬ್ರಷ್‌ನಿಂದ ಉಜ್ಜಿ, ಬಟ್ಟೆಯ ಮೇಲೆ ಒಣಗಲು ಬಿಡಿ. ಆಮೇಲೆ ತಿಂಗಳಿಗೊಮ್ಮೆ ಕಪಾಟಿನ ಬಾಗಿಲು ಸ್ವಲ್ಪ ಹೊತ್ತು ತೆರೆದಿಡಿ. ಆಲ್ಕೊಹಾಲ್, ನೇಲ್ ಪಾಲಿಶ್ ತೆಗೆಯುವ ದ್ರವ ಹತ್ತಿರ ತರಬೇಡಿ, ಬಣ್ಣ ಎದ್ದುಬರುತ್ತದೆ. ಧೂಳಿಗೆ ಮೇಕಪ್ ಬ್ರಷ್.

ಕೊಡಗು, ಮಲೆನಾಡು, ಕರಾವಳಿ ಕಡೆ ಇರುವವರಿಗೆ ಗೊಂಬೆಗಿಂತ ಕಾರ್ಡಿನ ಚಿಂತೆ ಜಾಸ್ತಿ. ಮಳೆಗಾಲದಲ್ಲಿ ರಟ್ಟು ಬಾಗಿ ಬೂಸ್ಟು ಹಿಡಿಯುತ್ತದೆ. ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬದಲ್ಲಿಡಿ. ಪೊಟ್ಟಣ ಮಳೆಗಾಲ ಮುಗಿಯುವ ತನಕ ಆಗಾಗ ಬದಲಿಸಿ.

ಹೆಜ್ಜೆ 7: ಊರಿಗೆ ತರಿಸುವುದಾದರೆ

ಬೆಂಗಳೂರಿನಲ್ಲಿ ಕೂತು ಅಮೆರಿಕ ಕೆನಡಾದಿಂದ ತರಿಸುವವರು ಮೊದಲು ಸುಂಕದ ಲೆಕ್ಕ ಹಾಕಿ. ಭಾರತ ಆಟಿಕೆಗಳ ಮೇಲಿನ ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಉಡುಗೊರೆ ಅಂತ ಬರೆದು ಅಂಚೆಯಲ್ಲಿ ಸುಂಕವಿಲ್ಲದೆ ಕಳಿಸುವ ದಾರಿ 2019ರ ಡಿಸೆಂಬರ್‌ನಲ್ಲೇ ಮುಚ್ಚಿತು. ಈ ದರಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತವೆ, ಕೊಳ್ಳುವ ದಿನ ಕಸ್ಟಮ್ಸ್ ವೆಬ್‌ಸೈಟ್ ನೋಡಿ. ನನ್ನ ಅನುಭವದಲ್ಲಿ ಊರಿಗೆ ಬರುವ ಗೆಳೆಯರ ಸೂಟ್‌ಕೇಸೇ ಒಳ್ಳೆಯ ದಾರಿ, ಬ್ಯಾಗೇಜ್ ಮಿತಿಯೊಳಗೆ. ಸ್ಟಿಕ್ ಬಿಡಿಸಿ, ಕಾಗದದ ಕೊಳವೆಯೊಳಗೆ ಹಾಕಿ, ಗೊಂಬೆಯನ್ನು ದಪ್ಪ ಕಾಲುಚೀಲದೊಳಗೆ ತೂರಿಸಿ ಬಟ್ಟೆಗಳ ನಡುವೆ ಇಡಿ.

ಹೆಜ್ಜೆ 8: ಬರೆದಿಡಿ

ಪ್ರತಿ ಗೊಂಬೆಗೆ ಒಂದು ಸಾಲು: ಎಲ್ಲಿ ಕೊಂಡದ್ದು, ಯಾವಾಗ, ಎಷ್ಟು ಕೊಟ್ಟದ್ದು, ಯಾವ ಭಾಗ ಇಲ್ಲ. ನಾನು ಇನ್ನೊಂದು ಕಾಲಂ ಇಟ್ಟಿದ್ದೇನೆ. ಅದರಲ್ಲಿ ಆ ಉಡುಪಿನಲ್ಲಿ ಅವನು ಆಡಿದ ಒಂದು ದಿನ ಬರೆಯುತ್ತೇನೆ. ರೇಂಜರ್ಸ್ ಗೊಂಬೆಯ ಎದುರು 1999ರ ಏಪ್ರಿಲ್ 18 ಅಂತ ಇದೆ, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅವನ ಕೊನೆಯ ಪಂದ್ಯ. ಮಗಳು ಕಪಾಟಿನ ಮುಂದೆ ನಿಂತು ಇದು ಯಾವಾಗ ಅಂತ ಕೇಳಿದರೆ ಹೇಳಲು ಏನಾದರೂ ಇರಬೇಕಲ್ಲ.

ಬ್ಲೂಸ್ ಉಡುಪಿನ ಗ್ರೆಟ್ಸ್ಕಿ ನನ್ನ ಕಪಾಟಿಗೆ ಇನ್ನೂ ಬಂದಿಲ್ಲ. ಕಿಂಗ್ಸ್ ಮತ್ತು ರೇಂಜರ್ಸ್ ನಡುವೆ ಒಂದು ಗೊಂಬೆಯಷ್ಟು ಜಾಗ ಬಿಟ್ಟಿದ್ದೇನೆ. ಮುಂದಿನ ಎಕ್ಸ್‌ಪೋಗೆ ಹಾಳೆ ಮಡಚಿ ಜೇಬಿನಲ್ಲಿ ಇಟ್ಟಾಗಿದೆ.